ಕೂಟವನ್ನು ಆಟ ಮಾಡಿದರೆ: ಮೇಜಿನ ಸುತ್ತ ಆಡುವ ಕಥೆ ಕಂಪ್ಯೂಟರಿಗೆ ಎಷ್ಟು ಇಳಿದಿದೆ?

ಈ ಸಲದ ಮಳೆಗಾಲದಲ್ಲಿ ಶಿರಸಿ ಹತ್ತಿರದ ನಮ್ಮ ಮನೆಯಲ್ಲಿ ಎರಡು ದಿನ ಕರೆಂಟ್ ಇರಲಿಲ್ಲ. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುವ ಅಕ್ಕನ ಮಗ ರಜೆಗೆ ಬಂದಿದ್ದ. ಜತೆಗೆ ಕಾರವಾರದ ಅವನ ಗೆಳೆಯ. ಘಟ್ಟದ ರಸ್ತೆಯಲ್ಲಿ ಮಣ್ಣು ಕುಸಿದು ಅವನೂ ನಮ್ಮಲ್ಲೇ ಉಳಿದಿದ್ದ. ಮಳೆಗೆ ಶಾಲೆಗೂ ರಜೆ. ಹಾಗಾಗಿ ನನ್ನ ಮಗಳು, ಪಕ್ಕದ ಮನೆಯ ಹುಡುಗ ಇಬ್ಬರೂ ಸೇರಿಕೊಂಡರು. ಲ್ಯಾಪ್‌ಟಾಪಿನ ಚಾರ್ಜ್ ಮುಗಿಯುವವರೆಗೆ ನಾಲ್ವರೂ ಅದರ ಮುಂದೆ. ಬಾಲ್ಡರ್ಸ್ ಗೇಟ್ 3 ಎಂಬ ವಿಡಿಯೊ ಗೇಮ್. ಮಾತಿನ ನಡುವೆ ಪರದೆಯ ಮೇಲೆ ಇಪ್ಪತ್ತು ಮುಖದ ಒಂದು ದೊಡ್ಡ ದಾಳ ಉರುಳುತ್ತಿತ್ತು.

ಚಾರ್ಜ್ ಮುಗಿಯಿತು. "ಇದರ ಮೂಲ ಆಟ ಆಡೋಣ" ಎಂದು ಜಗಲಿಗೆ ಬಂದರು. ಅದಕ್ಕೆ ಬೇಕಾದದ್ದು ಪೆನ್ಸಿಲ್, ಹಾಳೆ, ಇಪ್ಪತ್ತು ಮುಖದ ದಾಳ. ದಾಳ ಎಲ್ಲಿಂದ ತರುವುದು? 1ರಿಂದ 20ರವರೆಗೆ ಚೀಟಿ ಬರೆದು, ಮಡಚಿ, ಒಂದು ಸ್ಟೀಲ್ ಡಬ್ಬಿಗೆ ಹಾಕಿದರು. ಆಮೇಲೆ ಮಧ್ಯರಾತ್ರಿವರೆಗೆ ಬರೀ ಮಾತು. ಒಬ್ಬ ಕೋಟೆ ವರ್ಣಿಸುತ್ತಾನೆ, ಒಬ್ಬಳು ಬಾಗಿಲು ಬಡಿಯುತ್ತಾಳೆ, ಚೀಟಿ ತೆಗೆಯುತ್ತಾರೆ, ಕೂಗುತ್ತಾರೆ.

ಎರಡನ್ನೂ ನೋಡುತ್ತಾ ಕೂತಿದ್ದ ನಮ್ಮ ಆಯಿ ಮೊಮ್ಮಗನಿಗೆ ಕೇಳಿದಳು: "ಎರಡೂ ಒಂದೇ ಅಲ್ದನಾ ಮಾಣಿ?"

ಅವನು "ಹೌದು ಅಮ್ಮಮ್ಮ" ಎಂದ. ಸ್ವಲ್ಪ ಯೋಚಿಸಿ "ಅಲ್ಲ" ಎಂದ. ಆ ಎರಡು ಉತ್ತರಗಳ ನಡುವೆ ಏನಿದೆ ಎಂದು ಬಿಡಿಸಿ ಹೇಳಲು ಈ ಬರಹ. ಮನೆಯ ಮಕ್ಕಳು ಇದನ್ನೇ ಮಾತಾಡುತ್ತಿರುವಾಗ ಏನೂ ಅರ್ಥವಾಗದೆ ಕೂತ ಹಿರಿಯರು ಈಗ ಬಹಳ ಮನೆಗಳಲ್ಲಿದ್ದಾರೆ.

ಮೊದಲು, ಇದು ಎಂಥ ಆಟ?

ಇದನ್ನು ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್ ಎನ್ನುತ್ತಾರೆ. ಮೇಜಿನ ಸುತ್ತ ಕೂತು ಪಾತ್ರ ವಹಿಸಿ ಆಡುವ ಆಟ. ಇಲ್ಲಿ ಸುಮ್ನೆ ಮೇಜಿನ ಆಟ ಎನ್ನೋಣ. ಇವುಗಳಲ್ಲಿ ತುಂಬ ಹೆಸರಾದದ್ದು ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್. ಮಕ್ಕಳ ಬಾಯಲ್ಲಿ ಡಿಎನ್‌ಡಿ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಇಬ್ಬರು ಅಮೆರಿಕನ್ನರು ಸೇರಿ ಮಾಡಿದ್ದು. 1974ರಲ್ಲಿ ಮೂರು ಸಣ್ಣ ಪುಸ್ತಕಗಳ ಒಂದು ಪೆಟ್ಟಿಗೆಯಾಗಿ ಹೊರಬಂತು. ಅದಕ್ಕೂ ಮುಂಚೆ ಅಲ್ಲಿ ಪುಟ್ಟ ಗೊಂಬೆ ಸೈನ್ಯಗಳನ್ನು ಮೇಜಿನ ಮೇಲಿಟ್ಟು ಯುದ್ಧ ಆಡುವ ಹವ್ಯಾಸ ಇತ್ತು. ಇಡೀ ಸೈನ್ಯ ನಡೆಸುವ ಬದಲು, ಒಬ್ಬೊಬ್ಬರು ಒಬ್ಬೊಬ್ಬ ಮನುಷ್ಯನನ್ನು ಮಾತ್ರ ನಡೆಸಿದರೆ ಹೇಗೆ ಎಂಬ ಯೋಚನೆಯಿಂದ ಇದು ಹುಟ್ಟಿತು.

ಆಡುವವರಲ್ಲಿ ಒಬ್ಬನಿಗೆ ಪಾತ್ರ ಇಲ್ಲ. ಅವನನ್ನು ಡಂಜನ್ ಮಾಸ್ಟರ್ ಎನ್ನುತ್ತಾರೆ. ಊರು, ಕೋಟೆ, ಕಾವಲುಗಾರ, ರಾಕ್ಷಸ, ಮಳೆ, ಬಿಸಿಲು ಎಲ್ಲವೂ ಅವನೇ. ಉಳಿದವರಿಗೆ ಒಂದೊಂದು ಪಾತ್ರ. ಯೋಧ, ಮಂತ್ರವಾದಿ, ಕಳ್ಳ, ಹೀಗೆ. ಮಾಸ್ಟರ್ ಸನ್ನಿವೇಶ ಹೇಳುತ್ತಾನೆ. ಉಳಿದವರು "ನಾನು ಹೀಗೆ ಮಾಡುತ್ತೇನೆ" ಎನ್ನುತ್ತಾರೆ. ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದಾಗ ದಾಳ ಹಾಕುತ್ತಾರೆ. ಬಂದ ಸಂಖ್ಯೆ ನೋಡಿ ಮಾಸ್ಟರ್ ಕಥೆ ಮುಂದುವರಿಸುತ್ತಾನೆ. ಆಟ ಎಂದರೆ ಇಷ್ಟೇ. ಇದರಲ್ಲಿ ಗೆಲುವಿನ ಗೆರೆ ಇಲ್ಲ. ಒಂದೇ ಕಥೆಯನ್ನು ವಾರಕ್ಕೊಮ್ಮೆ ಸೇರಿ ವರ್ಷಗಟ್ಟಲೆ ಆಡುವವರಿದ್ದಾರೆ.

ನಮ್ಮ ಕಡೆಯವರಿಗೆ ಇದು ಹೊಸದಲ್ಲ

ಉತ್ತರ ಕನ್ನಡದಲ್ಲಿ "ಆಟಕ್ಕೆ ಹೋಗಿದ್ದೆ" ಎಂದರೆ ಯಕ್ಷಗಾನಕ್ಕೆ ಹೋಗಿದ್ದೆ ಎಂದರ್ಥ. "ಕೂಟ" ಎಂದರೆ ತಾಳಮದ್ದಳೆ. ಈ ಎರಡು ಮಾತು ಹಿಡಿದುಕೊಂಡರೆ ಆಯಿಯ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು.

ಬಯಲುಸೀಮೆಯ ಓದುಗರಿಗಾಗಿ ಸ್ವಲ್ಪ ಹೇಳಿಬಿಡುತ್ತೇನೆ. ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಮಳೆಗಾಲದಲ್ಲಿ ಮೇಳಗಳ ತಿರುಗಾಟ ನಿಂತಾಗ ಕಲಾವಿದರು ಪಂಚೆ ಶಲ್ಯದಲ್ಲೇ ಎದುರುಬದುರು ಕೂರುತ್ತಾರೆ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ. ಅರ್ಥಧಾರಿಗಳು ಅದಕ್ಕೆ ಮಾತು ಕಟ್ಟುತ್ತಾರೆ. ಪದ್ಯ ಬರೆದಿಟ್ಟದ್ದು, ಮಾತು ಆಗಲೇ ಹುಟ್ಟುವಂಥದ್ದು. ಇದಿರು ಕೂತವನು ಏನು ಕೇಳುತ್ತಾನೆ ಎಂದು ಮೊದಲೇ ಗೊತ್ತಿರುವುದಿಲ್ಲ. ವಾಲಿಯ ಅರ್ಥ ಹೇಳುವವನು "ಮರೆಯಲ್ಲಿ ನಿಂತು ಬಾಣ ಬಿಟ್ಟೆ ಏಕೆ?" ಎಂದು ಹೊಸ ಕೋನದಿಂದ ಹಿಡಿದರೆ, ರಾಮನ ಅರ್ಥಧಾರಿ ಅಲ್ಲೇ ಉತ್ತರ ಹುಡುಕಬೇಕು. ಮಾತು ಲಂಬಿಸಿದರೆ ಭಾಗವತರು ಮುಂದಿನ ಪದ್ಯ ಎತ್ತಿಕೊಳ್ಳುತ್ತಾರೆ. ಕೂಟದ ಲಗಾಮು ಅವರ ಕೈಯಲ್ಲಿ.

ಮೇಜಿನ ಆಟ ಇದೇ ಜಾತಿಯದು. ಪ್ರಸಂಗದ ಜಾಗದಲ್ಲಿ ಕಥೆಯ ಹಂದರ, ಅರ್ಥಧಾರಿಗಳ ಜಾಗದಲ್ಲಿ ಆಟಗಾರರು, ಭಾಗವತರ ಜಾಗದಲ್ಲಿ ಡಂಜನ್ ಮಾಸ್ಟರ್. ಒಂದು ವ್ಯತ್ಯಾಸ ಮಾತ್ರ ಮರೆಯಬಾರದು. ಕೂಟದಲ್ಲಿ ವಾಲಿ ಎಷ್ಟೇ ಚೆನ್ನಾಗಿ ವಾದಿಸಲಿ, ಕೊನೆಗೆ ಸಾಯಲೇಬೇಕು. ಪ್ರಸಂಗ ಹಾಗೆ ಹೇಳುತ್ತದೆ. ಮೇಜಿನ ಆಟದಲ್ಲಿ ವಾಲಿ ಬದುಕಬಹುದು. ರಾಮನ ಜತೆ ಲಂಕೆಗೂ ಹೊರಡಬಹುದು.

ವಿಡಿಯೊ ಗೇಮ್ ಅಂದರೆ ಈ ಕೂಟವನ್ನು ಆಟ ಮಾಡಿದ ಹಾಗೆ. ವೇಷ ಬಂತು, ಬಣ್ಣ ಬಂತು, ಬೆಳಕು ಬಂತು, ರಂಗಸ್ಥಳ ಬಂತು. ಏನು ಉಳಿಯಿತು, ಏನು ಹೋಯಿತು ಎಂಬುದೇ ಪ್ರಶ್ನೆ.

ಇಪ್ಪತ್ತು ಚೀಟಿಯ ಲೆಕ್ಕ

ಜಗಲಿಯಲ್ಲಿ ನಡೆದ ಒಂದು ಘಟನೆಯನ್ನೇ ತೆಗೆದುಕೊಳ್ಳೋಣ. ನನ್ನ ಮಗಳ ಪಾತ್ರ ಒಬ್ಬ ಕಳ್ಳಿ. ಕೋಟೆಯ ಬಾಗಿಲಲ್ಲಿ ಕಾವಲುಗಾರ. ಅಕ್ಕನ ಮಗ ಮಾಸ್ಟರ್. "ಏನು ಮಾಡ್ತೆ?" ಎಂದು ಕೇಳಿದ. ಅವಳು ಹೇಳಿದಳು: "ನಿನ್ನ ತಂಗಿ ಮನೆಯಿಂದ ಬಂದೆ, ಅಪ್ಪೆಮಿಡಿ ಉಪ್ಪಿನಕಾಯಿ ಕೊಟ್ಟು ಕಳಿಸಿದ್ದಾಳೆ ಅಂತ ಅವನಿಗೆ ಹೇಳ್ತೆ."

ಎಲ್ಲರೂ ನಕ್ಕರು. ಮಾಸ್ಟರ್ ಒಂದು ಕ್ಷಣ ಸುಮ್ಮನಾದ. ಈ ಸುಳ್ಳನ್ನು ನಂಬಿಸುವುದು ಸ್ವಲ್ಪ ಕಷ್ಟ. ಹಾಗಾಗಿ ಗುರಿ 15 ಎಂದ. ಅಂದರೆ ಚೀಟಿಯ ಸಂಖ್ಯೆ, ಜತೆಗೆ ಪಾತ್ರಕ್ಕಿರುವ ಅಂಕ ಸೇರಿ 15 ಅಥವಾ ಹೆಚ್ಚು ಆಗಬೇಕು.

ಪಾತ್ರದ ಅಂಕ ಎಲ್ಲಿಂದ ಬರುತ್ತದೆ? ಡಿಎನ್‌ಡಿಯಲ್ಲಿ ಪ್ರತಿ ಪಾತ್ರಕ್ಕೂ ಆರು ಗುಣ. ಬಲ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ವರ್ಚಸ್ಸು. ಸಾಧಾರಣ ಮನುಷ್ಯನಿಗೆ ಯಾವುದೇ ಗುಣದಲ್ಲಿ 10. ಅದಕ್ಕಿಂತ ಪ್ರತಿ ಎರಡು ಹೆಚ್ಚಾದಂತೆ ಒಂದು ಅಂಕ ಕೂಡುತ್ತದೆ. ಮಗಳ ಕಳ್ಳಿಯ ವರ್ಚಸ್ಸು 16. ಹತ್ತಕ್ಕಿಂತ ಆರು ಜಾಸ್ತಿ, ಅದರ ಅರ್ಧ 3. ಹಾಗಾಗಿ ಅವಳಿಗೆ ಬೇಕಾದದ್ದು 12 ಅಥವಾ ಮೇಲಿನ ಚೀಟಿ. 12ರಿಂದ 20ರವರೆಗೆ ಒಂಬತ್ತು ಚೀಟಿ. ಇಪ್ಪತ್ತರಲ್ಲಿ ಒಂಬತ್ತು ಎಂದರೆ ನೂರಕ್ಕೆ 45.

ಅವಳು ಇನ್ನೊಂದು ಮಾತು ಸೇರಿಸಿದಳು. ಕೈಯಲ್ಲಿ ನಿಜವಾಗಿಯೂ ಒಂದು ಭರಣಿ ಇದೆ ಎಂದಳು. ಹಿಂದಿನ ಹಳ್ಳಿಯಲ್ಲಿ ಅದನ್ನು ಕೊಂಡದ್ದು ಅವಳ ಹಾಳೆಯಲ್ಲಿ ಬರೆದಿತ್ತು. ಮಾಸ್ಟರ್ ಒಪ್ಪಿ, ಎರಡು ಸಲ ಚೀಟಿ ತೆಗೆದು ದೊಡ್ಡದನ್ನು ಇಟ್ಟುಕೋ ಎಂದ. ಈಗಿನ ನಿಯಮದಲ್ಲಿ ಇದಕ್ಕೆ ಅಡ್ವಾಂಟೇಜ್ ಎನ್ನುತ್ತಾರೆ. ಎರಡೂ ಸಲ ಸೋತರೆ ಮಾತ್ರ ಸೋಲು. ಒಂದು ಸಲ ಸೋಲುವ ಸಾಧ್ಯತೆ ನೂರಕ್ಕೆ 55, ಎರಡೂ ಸಲ ಸೋಲುವುದು ಸುಮಾರು 30. ಗೆಲುವಿನ ಸಾಧ್ಯತೆ 45ರಿಂದ 70ಕ್ಕೆ ಏರಿತು. ಒಂದು ಭರಣಿಯಿಂದ.

ಇಲ್ಲಿ ಮಗಳು ಒಂದು ತಪ್ಪು ಮಾಡಿದಳು. ಮೊದಲು ತೆಗೆದ ಚೀಟಿಯನ್ನು ಡಬ್ಬಿಗೆ ವಾಪಸ್ ಹಾಕದೆ ಪಕ್ಕಕ್ಕಿಟ್ಟಳು. ಕಾರವಾರದ ಹುಡುಗ ತಕ್ಷಣ ತಡೆದ. ಹಾಗೆ ಮಾಡಿದರೆ ಉಳಿದ ಚೀಟಿ ಹತ್ತೊಂಬತ್ತೇ, ಲೆಕ್ಕವೇ ಬದಲಾಗುತ್ತದೆ. ದಾಳಕ್ಕೆ ನೆನಪಿಲ್ಲ. ಹಿಂದಿನ ಸಲ 20 ಬಂದಿತ್ತು ಎಂಬುದು ಅದಕ್ಕೆ ಗೊತ್ತಿಲ್ಲ. ಈ ಸಣ್ಣ ವಿಷಯವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

14 ಬಂತು. 17 ಆಯಿತು. ಬಾಗಿಲು ತೆರೆಯಿತು. ಅಷ್ಟೇ ಅಲ್ಲ, ಆ ಕಾವಲುಗಾರನಿಗೆ ಈಗ ಒಬ್ಬಳು ತಂಗಿ ಇದ್ದಾಳೆ. ಐದು ನಿಮಿಷದ ಹಿಂದೆ ಅವಳು ಇರಲಿಲ್ಲ. ಮಾಸ್ಟರ್ ತನ್ನ ಹಾಳೆಯಲ್ಲಿ ಅವಳ ಹೆಸರು ಬರೆದುಕೊಂಡ.

ಕಂಪ್ಯೂಟರಿಗೆ ಬಂದ ದಾರಿ

ಪೆಟ್ಟಿಗೆ ಮಾರುಕಟ್ಟೆಗೆ ಬಂದ ಮರುವರ್ಷವೇ, 1975ರಲ್ಲಿ, ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಪ್ಲೇಟೊ ಎಂಬ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಇದರ ನಕಲು ಶುರುವಾಯಿತು. ಒಂದು ಆಟದ ಹೆಸರು ಪೆಡಿಟ್5.  1981ರಲ್ಲಿ ಅಲ್ಟಿಮಾ ಮತ್ತು ವಿಝರ್ಡ್ರಿ ಎಂಬ ಎರಡು ಆಟಗಳು ಮನೆಯ ಕಂಪ್ಯೂಟರಿಗೆ ಬಂದವು. 1986ರ ಡ್ರ್ಯಾಗನ್ ಕ್ವೆಸ್ಟ್‌ನಿಂದ ಜಪಾನಿನಲ್ಲಿ ಇದೇ ಬೀಜ ಬೇರೆಯೇ ಗಿಡವಾಗಿ ಬೆಳೆಯಿತು. ಇವೆಲ್ಲ ಹುರುಪನ್ನು ತೆಗೆದುಕೊಂಡವು, ನಿಯಮ ಪುಸ್ತಕವನ್ನು ಅಲ್ಲ. ಪರವಾನಗಿ ಪಡೆದು ಡಿಎನ್‌ಡಿಯ ನಿಯಮವನ್ನೇ ಶ್ರದ್ಧೆಯಿಂದ ಇಳಿಸಲು ಹೊರಟ ಆಟಗಳಲ್ಲಿ ಮೊದಲಿಗೆ ನಿಲ್ಲುವುದು 1988ರ ಪೂಲ್ ಆಫ್ ರೇಡಿಯನ್ಸ್. ಆಮೇಲೆ 1998ರಲ್ಲಿ ಕೆನಡಾದ ಬಯೋವೇರ್ ಮಾಡಿದ ಬಾಲ್ಡರ್ಸ್ ಗೇಟ್. ಅದರ ಮೂರನೇ ಭಾಗವನ್ನು ಬೆಲ್ಜಿಯಂನ ಲೇರಿಯನ್ 2023ರ ಆಗಸ್ಟ್‌ನಲ್ಲಿ ತಂದಿತು. ಆ ವರ್ಷದ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಆಟ ಎಂಬ ಪ್ರಶಸ್ತಿ ಅದಕ್ಕೇ ಬಂತು. ಡಿಎನ್‌ಡಿ ಎಂಬ ಹೆಸರನ್ನೇ ಕೇಳದಿದ್ದ ಎಷ್ಟೋ ಜನ ಮೂಲ ಆಟದತ್ತ ತಿರುಗಿ ನೋಡಿದ್ದು ಅದರಿಂದ.

ಲೆಕ್ಕ ಪೂರ್ತಿ ಇಳಿಯುತ್ತದೆ

ಕೂಡುವುದು, ಕಳೆಯುವುದು, ನೆನಪಿಡುವುದರಲ್ಲಿ ಕಂಪ್ಯೂಟರ್ ಯಾವ ಮಾಸ್ಟರಿಗಿಂತಲೂ ಮೇಲು. ಬೆಂಕಿಯುಂಡೆ ಎಂಬ ಪ್ರಸಿದ್ಧ ಮಂತ್ರ ನೋಡಿ. ಅದು ಸಿಡಿದರೆ, ಸಿಡಿದ ಜಾಗದಿಂದ ಸುಮಾರು ಆರು ಮೀಟರ್ ಒಳಗಿದ್ದವರಿಗೆಲ್ಲ ಪೆಟ್ಟು. ಪೆಟ್ಟು ಎಷ್ಟು ಎಂದು ತಿಳಿಯಲು ಆರು ಮುಖದ ಎಂಟು ದಾಳ ಹಾಕಿ ಕೂಡಿಸಬೇಕು. ಹತ್ತು ಶತ್ರುಗಳಿದ್ದರೆ ಪ್ರತಿಯೊಬ್ಬನಿಗೂ ತಪ್ಪಿಸಿಕೊಂಡನೇ ಎಂದು ಬೇರೆ ದಾಳ. ತಪ್ಪಿಸಿಕೊಂಡವನಿಗೆ ಅರ್ಧ ಪೆಟ್ಟು. ನಮ್ಮ ಜಗಲಿಯಲ್ಲಿ ಎಮರ್ಜೆನ್ಸಿ ಲೈಟಿನ ಬೆಳಕಲ್ಲಿ ಇಷ್ಟು ಮುಗಿಸುವ ಹೊತ್ತಿಗೆ ಚಹಾ ಆರಿತ್ತು. ಲ್ಯಾಪ್‌ಟಾಪಿನಲ್ಲಿ ಅದು ಕಣ್ಣು ಮಿಟುಕಿಸುವಷ್ಟು ಹೊತ್ತು.

ಹಾಗಾಗಿ ನಿಯಮ ಮಾತ್ರ ಅಳತೆಗೋಲಾದರೆ, ಬಹಳ ಹತ್ತಿರ ಬಂದ ಆಟಗಳಿವೆ. 2003ರ ಟೆಂಪಲ್ ಆಫ್ ಎಲಿಮೆಂಟಲ್ ಈವಿಲ್ ಆಗಿನ ಡಿಎನ್‌ಡಿ ಪುಸ್ತಕವನ್ನು ಬಹುಮಟ್ಟಿಗೆ ಹಾಗೇ ಅನುಸರಿಸಿತು. 2021ರ ಸೊಲಾಸ್ಟಾ 2014ರಲ್ಲಿ ಬಂದ ನಿಯಮಕ್ಕೆ ಅಷ್ಟೇ ನಿಷ್ಠೆ ತೋರಿಸಿತು. ಕತ್ತಲಲ್ಲಿ ಪಂಜು ಯಾರ ಕೈಯಲ್ಲಿದೆ ಎಂಬುದೂ ಅದರಲ್ಲಿ ಲೆಕ್ಕಕ್ಕೆ ಬರುತ್ತದೆ.

ಆದರೂ ಪುಸ್ತಕ ಬದಲಾಗುತ್ತದೆ. ಮೇಜಿನಲ್ಲಿ ಒಬ್ಬರಾದ ಮೇಲೆ ಒಬ್ಬರ ಸರದಿ. ಪರದೆಯ ಮೇಲೆ ಹಾಗೆ ಕಾಯುವುದು ಬೇಜಾರು ಎಂದು 1998ರ ಬಾಲ್ಡರ್ಸ್ ಗೇಟ್‌ನಲ್ಲಿ ಎಲ್ಲರೂ ಒಟ್ಟಿಗೇ ಹೊಡೆದಾಡುವಂತೆ ಮಾಡಿದರು. ಬೇಕಾದಾಗ ಆಟ ನಿಲ್ಲಿಸಿ, ಆಜ್ಞೆ ಕೊಟ್ಟು, ಮತ್ತೆ ಬಿಡಬಹುದು. ಆಗಿನ ಪುಸ್ತಕದಲ್ಲಿ ಒಂದು ಸುತ್ತು ಎಂದರೆ ಒಂದು ನಿಮಿಷ, ಆಟದಲ್ಲಿ ಅದು ಆರು ಸೆಕೆಂಡ್ ಆಯಿತು.

ಬಾಲ್ಡರ್ಸ್ ಗೇಟ್ 3 ಸರದಿಗೆ ಮರಳಿತು. ಆದರೆ ಕತ್ತರಿ ಬೇರೆ ಕಡೆ ಹಾಕಿತು. ಪುಸ್ತಕದಲ್ಲಿ ಪಾತ್ರ 20ನೇ ಲೆವೆಲ್‌ವರೆಗೆ ಬೆಳೆಯುತ್ತದೆ, ಇಲ್ಲಿ 12ಕ್ಕೆ ನಿಲ್ಲುತ್ತದೆ. ಕಾರಣ ಸೋಮಾರಿತನ ಅಲ್ಲ. ಮೇಲಿನ ಲೆವೆಲ್‌ನಲ್ಲಿ ಇಷ್ಟಾರ್ಥ ಎಂಬಂಥ ಒಂದು ಮಂತ್ರ ಇದೆ. ಪಾತ್ರ ಏನು ಬಯಸಿದರೂ ಆಗುತ್ತದೆ, ಅದರ ಪರಿಣಾಮವನ್ನು ಮಾಸ್ಟರ್ ತೀರ್ಮಾನಿಸುತ್ತಾನೆ. ಏನು ಬೇಕಾದರೂ ಎಂಬುದನ್ನು ಮೊದಲೇ ಚಿತ್ರ ಬಿಡಿಸಿ ಇಡುವುದು ಸಾಧ್ಯವಾ? ನಮ್ಮ ಕಾಲಮಿತಿ ಯಕ್ಷಗಾನದ ಹಾಗೆ ಇದು. ಬೆಳಗಿನವರೆಗಿನ ಪ್ರಸಂಗವನ್ನು ಮೂರು ತಾಸಿಗೆ ತರುವಾಗ ಯಾವ ಪದ್ಯ ಬಿಡಬೇಕು ಎಂದು ತಿಳಿದವರೇ ಕೂತು ನಿರ್ಧರಿಸಬೇಕು.

ನನಗೆ ಎಲ್ಲಕ್ಕಿಂತ ಇಷ್ಟವಾದ ಬದಲಾವಣೆ ಇನ್ನೊಂದಿದೆ. 2014ರ ನಿಯಮ ಪುಸ್ತಕದ ಪ್ರಕಾರ, ದಾಳದಲ್ಲಿ 20 ಬಿದ್ದರೆ ಖಂಡಿತ ಗೆಲುವು ಎಂಬುದು ಹೊಡೆತಕ್ಕೆ ಅನ್ವಯಿಸುತ್ತದೆ. ಮಾತಿನಲ್ಲಿ ಒಲಿಸುವುದಕ್ಕೆ, ಬೀಗ ತೆಗೆಯುವುದಕ್ಕೆ ಅಲ್ಲ. ಆದರೆ ಮನೆಮನೆಗಳಲ್ಲಿ ಆಡುವವರು 20 ಬಂದರೆ ಯಾವುದಕ್ಕಾದರೂ ಗೆಲುವು ಎಂದೇ ಆಡುತ್ತಾರೆ. ಅದರ ಸಂಭ್ರಮವೇ ಬೇರೆ, ಅಲ್ವಾ? ಬಾಲ್ಡರ್ಸ್ ಗೇಟ್ 3 ಪುಸ್ತಕ ಬಿಟ್ಟು ಈ ರೂಢಿಯನ್ನು ಹಿಡಿಯಿತು. ಪ್ರಸಂಗದ ಪುಸ್ತಕದಲ್ಲಿ ಇಲ್ಲದ್ದು ರಂಗದ ನಡೆಯಲ್ಲಿ ಇರುತ್ತದೆ. ಯಾವುದಕ್ಕೆ ನಿಷ್ಠೆ ಎಂದು ಕೇಳಿದರೆ ಇಲ್ಲಿ ಎರಡು ಉತ್ತರ.

ಉಪ್ಪಿನಕಾಯಿ ಪಟ್ಟಿಯಲ್ಲಿ ಇಲ್ಲ

ಈಗ ಅದೇ ಕಾವಲುಗಾರ ಪರದೆಯ ಮೇಲೆ ನಿಂತಿದ್ದಾನೆ ಎಂದುಕೊಳ್ಳಿ. ಕೆಳಗೆ ನಾಲ್ಕು ಸಾಲು ಬರುತ್ತದೆ. ಬೆದರಿಸು, ಲಂಚ ಕೊಡು, ಸುಳ್ಳು ಹೇಳು, ಕತ್ತಿ ಎತ್ತು. ತಂಗಿ ಮನೆಯ ಅಪ್ಪೆಮಿಡಿ ಅಲ್ಲಿರುವುದಿಲ್ಲ. ಇರಬೇಕಾದರೆ ಯಾರೋ ಒಬ್ಬರು ಅದನ್ನು ವರ್ಷಗಳ ಹಿಂದೆಯೇ ಯೋಚಿಸಿ, ಬರೆದು, ನಟನ ದನಿಯಲ್ಲಿ ಹೇಳಿಸಿ, ಮುಖದ ಚಲನೆ ಸೇರಿಸಿ ಇಟ್ಟಿರಬೇಕು.

ಹೆಚ್ಚು ಬರೆದರಾಯಿತಲ್ಲ ಎನ್ನಬಹುದು. ಲೆಕ್ಕ ಮಾಡಿ ನೋಡಿ. ಒಂದು ಮಾತುಕತೆಯಲ್ಲಿ ಪ್ರತಿ ಸಲ ಮೂರೇ ಆಯ್ಕೆ ಕೊಡೋಣ. ಪ್ರತಿ ಆಯ್ಕೆಯೂ ಕಥೆಯನ್ನು ಬೇರೆ ಕಡೆ ಒಯ್ಯಲಿ. ಎರಡು ಸಲಕ್ಕೆ ಒಂಬತ್ತು ದಾರಿ. ಐದು ಸಲಕ್ಕೆ 243. ಹತ್ತು ಸಲಕ್ಕೆ 59,049. ಇಷ್ಟು ಬರೆಯಲು ಯಾವ ತಂಡಕ್ಕೂ ಆಗದು. ಹಾಗಾಗಿ ಬರೆಯುವವರು ದಾರಿಗಳನ್ನು ಮತ್ತೆ ಮತ್ತೆ ಸೇರಿಸುತ್ತಾರೆ. ನಮ್ಮ ಶಿರಸಿ ಸೀಮೆಯ ಹಳ್ಳಗಳ ಹಾಗೆ. ನೀವು ಎಲೆಯನ್ನು ಯಾವ ತೋಟದ ಹಳ್ಳಕ್ಕೆ ಬಿಟ್ಟರೂ, ಅದು ಅಘನಾಶಿನಿಗೆ ಸೇರುವ ಹಳ್ಳವಾದರೆ, ಕೊನೆಗೆ ಕುಮಟೆಯ ಹತ್ತಿರ ಸಮುದ್ರ ಸೇರುವುದೇ. ನಡುವಿನ ತಿರುವುಗಳು ಬೇರೆ, ಸೇರುವ ಜಾಗ ಒಂದೇ. ಒಳ್ಳೆಯ ಆಟ ಎಂದರೆ ಆ ತಿರುವುಗಳು ನಿಜವೆನಿಸುವಂಥದ್ದು. ಬಾಲ್ಡರ್ಸ್ ಗೇಟ್ 3ರಲ್ಲಿ ತಿರುವುಗಳು ಅಪಾರ. ಒಬ್ಬ ಪಾತ್ರಧಾರಿ ಮೊದಲ ತಾಸಿನಲ್ಲೇ ಸತ್ತರೂ ಕಥೆ ಅವನಿಲ್ಲದೆ ಮುಂದೆ ಸಾಗುತ್ತದೆ. ಆದರೆ ತಿರುವು ಎಷ್ಟಿದ್ದರೂ ಅದು ಮೊದಲೇ ತೋಡಿಟ್ಟ ಕಾಲುವೆ.

ಮೇಜಿನಲ್ಲಿ ಹಾಗಲ್ಲ. ನೀರು ಹರಿದಲ್ಲೇ ಹಳ್ಳ. ಮಗಳು ತಂಗಿ ಎಂದದ್ದಕ್ಕೆ ತಂಗಿ ಹುಟ್ಟಿದಳು. ಮರುದಿನ ರಾತ್ರಿ ನಾಲ್ವರೂ ಆ ತಂಗಿಯ ಮನೆಗೇ ಹೋದರು. ಮಾಸ್ಟರ್ ತಯಾರು ಮಾಡಿಕೊಂಡಿದ್ದ ಕೋಟೆಯ ನೆಲಮಾಳಿಗೆ ಹಾಗೇ ಉಳಿಯಿತು.

ಉತ್ತರದ ಬದಲು ಸಾಮಾನು

ಎಲ್ಲ ಉತ್ತರ ಬರೆಯಲಾಗದು ಎಂದಾದರೆ ಬೇರೆ ಉಪಾಯ ಇದೆಯಾ? ಇದೆ. ಮಕ್ಕಳಿಗೆ ಸಂಕದ, ಅಂದರೆ ಹಳ್ಳ ದಾಟುವ ಕಾಲುಸೇತುವೆಯ, ಚಿತ್ರ ಕೊಡಬಹುದು. ಇಲ್ಲವೇ ಅಡಿಕೆ ದಬ್ಬೆ, ಹಗ್ಗ, ಕತ್ತಿ ಕೊಟ್ಟು ಹಳ್ಳದ ಹತ್ತಿರ ಬಿಡಬಹುದು. ಎರಡನೆಯದರಲ್ಲಿ ಅವರು ನಾವು ಎಣಿಸದ ಸಂಕ ಕಟ್ಟುತ್ತಾರೆ.

ಲೇರಿಯನ್ ತಂಡ ಈ ದಾರಿಯಲ್ಲಿ ಬಹಳ ಮುಂದೆ ಹೋಗಿದೆ. ಅವರ ಲೋಕದಲ್ಲಿ ಎಣ್ಣೆಗೆ ಬೆಂಕಿ ಹತ್ತುತ್ತದೆ. ನೀರಿನಲ್ಲಿ ನಿಂತವನಿಗೆ ಮಿಂಚು ಜಾಸ್ತಿ ತಾಗುತ್ತದೆ. ಪೆಟ್ಟಿಗೆಗಳನ್ನು ಒಂದರ ಮೇಲೊಂದು ಇಟ್ಟು ಗೋಡೆ ಹತ್ತಬಹುದು. ಶತ್ರುವನ್ನು ಎದುರಿಸಿ ಗೆಲ್ಲಲಾಗದಿದ್ದರೆ ಬಂಡೆಯ ಅಂಚಿನಿಂದ ತಳ್ಳಬಹುದು. ಪುಸ್ತಕದಲ್ಲಿ ಹೀಗೆ ತಳ್ಳಲು ಹೊಡೆತದ ಅವಕಾಶ ಬಿಟ್ಟುಕೊಡಬೇಕು. ಇಲ್ಲಿ ಹೊಡೆತದ ಜತೆಗೇ ತಳ್ಳಬಹುದು. ಇದೂ ಪುಸ್ತಕಕ್ಕೆ ದೂರ, ಮೇಜಿಗೆ ಹತ್ತಿರ. ಮೇಜಿನಲ್ಲಿ ಕೂತವರು ಮೊದಲು ಯೋಚಿಸುವುದೇ ಇಂಥ ಕಿತಾಪತಿಯನ್ನು.

ಇನ್ನೊಂದು ಉದಾಹರಣೆ ನನ್ನನ್ನು ಬೆರಗುಗೊಳಿಸಿತು. ಡಿಎನ್‌ಡಿಯಲ್ಲಿ ಹೆಣದ ಜತೆ ಮಾತಾಡುವ ಮಂತ್ರ ಇದೆ. ಐದು ಪ್ರಶ್ನೆ ಕೇಳಬಹುದು. ಮೇಜಿನಲ್ಲಿ ಯಾವ ಪ್ರಶ್ನೆಯಾದರೂ ಸರಿ. ಬಾಲ್ಡರ್ಸ್ ಗೇಟ್ 3ರಲ್ಲಿ ಪ್ರಶ್ನೆಗಳ ಪಟ್ಟಿ ಬರುತ್ತದೆ, ಎಲ್ಲ ಹೆಣಗಳೂ ಮಾತಾಡುವುದಿಲ್ಲ. ಆದರೆ ಕೊಂದವನ ಜತೆ ಹೆಣ ಮಾತಾಡಲು ಒಪ್ಪುವುದಿಲ್ಲ. ಕೊಂದವನು ಮಂತ್ರದಿಂದ ಬೇರೆ ರೂಪ ತಾಳಿ ಬಂದರೆ ಮಾತಾಡುತ್ತದೆ! ಇಂಥದ್ದು ಹೊಳೆಯುವುದು ಮೇಜಿನ ಸುತ್ತ ಕೂತ ಯಾವುದೋ ಚುರುಕು ಹುಡುಗನಿಗೆ. ಅವನಿಗೆ ಹೊಳೆಯುವ ಮೊದಲೇ ಬರೆದವರಿಗೆ ಹೊಳೆದಿದೆ. ಇದಿರು ಅರ್ಥಧಾರಿ ಏನು ಕೇಳಬಹುದು ಎಂದು ಹಿಂದಿನ ರಾತ್ರಿಯೇ ಕೂತು ಯೋಚಿಸುವ ಹಿರಿಯ ಕಲಾವಿದರ ಶ್ರಮ ಅದು.

ನಿಯಮ ಬಿಟ್ಟೂ ಮೇಜಿನ ಹುರುಪು ಹಿಡಿಯಬಹುದು ಎಂಬುದಕ್ಕೆ ಹಳೆಯ ಸಾಕ್ಷಿಯೂ ಇದೆ. 1997ರ ಫಾಲ್‌ಔಟ್ ಶುರುವಾದದ್ದು ಗರ್ಪ್ಸ್ ಎಂಬ ಮೇಜಿನ ಆಟದ ನಿಯಮದ ಮೇಲೆ. ನಡುವೆ ಒಪ್ಪಂದ ಮುರಿಯಿತು. ತಂಡ ತನ್ನದೇ ನಿಯಮ ಬರೆದುಕೊಂಡಿತು. ಆದರೂ ಒಂದೇ ಸಮಸ್ಯೆಯನ್ನು ಮಾತಿನಿಂದ, ಕಳ್ಳತನದಿಂದ, ಬಂದೂಕಿನಿಂದ ಬಗೆಹರಿಸುವ ಸ್ವಾತಂತ್ರ್ಯ ಅದರಲ್ಲಿ ಉಳಿಯಿತು. ಪುಸ್ತಕ ಹೋಯಿತು, ಮೇಜು ಉಳಿಯಿತು.

ಸೋತರೆ ಏನಾಗುತ್ತದೆ?

ಎರಡೂ ಆಟಗಳ ನಡುವೆ ನಿಜವಾದ ಅಂತರ ಕಾಣುವುದು ಗೆದ್ದಾಗ ಅಲ್ಲ, ಸೋತಾಗ.

ಮೇಜಿನಲ್ಲಿ ಬಿದ್ದ ದಾಳ ಬಿದ್ದಂತೆಯೇ. ಎಲ್ಲರೂ ನೋಡಿಯಾಗಿದೆ. ಪಕ್ಕದ ಮನೆಯ ಹುಡುಗನ ಯೋಧ ಹಗ್ಗ ಹಿಡಿದು ಜಿಗಿಯುವಾಗ 1 ಬಂತು. ಮಾಸ್ಟರ್ ಅವನನ್ನು ಸಾಯಿಸಲಿಲ್ಲ. ಹಗ್ಗ ಹರಿದು ಅಡುಗೆಮನೆಯ ಹೊಗೆಗೂಡಿನೊಳಗೆ ಬೀಳಿಸಿದ. ಅಲ್ಲಿಂದ ಶುರುವಾದ ಕಥೆಯೇ ಆ ರಾತ್ರಿಯ ಅತ್ಯುತ್ತಮ ಭಾಗ.

ಕಂಪ್ಯೂಟರಿನಲ್ಲಿ ಸೋಲನ್ನು ಅಳಿಸಬಹುದು. ದಾಳ ಹಾಕುವ ಮೊದಲು ಆಟವನ್ನು ಸೇವ್ ಮಾಡಿಟ್ಟು, ಸೋತರೆ ಹಿಂದಕ್ಕೆ ಹೋಗಿ ಮತ್ತೆ ಹಾಕುವುದು. ಬಹಳ ಜನ ಹೀಗೆ ಆಡುತ್ತಾರೆ. ಆಗ ದಾಳ ಉರುಳುವ ಚಿತ್ರ ಇರುತ್ತದೆ, ಎದೆ ಢವಗುಟ್ಟುವುದು ಹೋಗುತ್ತದೆ.

ಇದಕ್ಕೆ ಒಂದು ಕಾರಣ ನಮ್ಮ ಮನಸ್ಸು ಸಂಭವವನ್ನು ಸರಿಯಾಗಿ ಗ್ರಹಿಸದಿರುವುದು. ನೂರಕ್ಕೆ 60ರಷ್ಟು ಗೆಲ್ಲುವ ಹೊಡೆತ ಸತತ ಐದು ಸಲ ತಪ್ಪುವ ಸಾಧ್ಯತೆ ಸುಮಾರು ನೂರರಲ್ಲಿ ಒಂದು. ಅಪರೂಪ ಎನಿಸುತ್ತದೆ. ಆದರೆ ಒಂದು ದೊಡ್ಡ ವಿಡಿಯೊ ಗೇಮ್‌ನಲ್ಲಿ ಸಾವಿರಾರು ಸಲ ದಾಳ ಬೀಳುತ್ತದೆ. ಹಾಗಾಗಿ ಇದು ಆಗಿಯೇ ಆಗುತ್ತದೆ, ಆದಾಗ ಆಡುವವರಿಗೆ ಯಂತ್ರ ಮೋಸ ಮಾಡಿತು ಅನಿಸುತ್ತದೆ. ಮೇಜಿನಲ್ಲಿ ಇಂಥ ಹೊತ್ತಿಗೆ ಮಾಸ್ಟರ್ ತನ್ನ ದಾಳವನ್ನು ಮರೆಯಲ್ಲಿ ಹಾಕಿ, ಬಂದದ್ದನ್ನು ಸ್ವಲ್ಪ ಸಡಿಲಿಸಿ ಹೇಳುವುದುಂಟು. ಎದುರಿನ ಮಗು ಅಳುವಂತಿದೆ ಎಂದು ಅವನಿಗೆ ಕಾಣುತ್ತದೆ. ಬಾಲ್ಡರ್ಸ್ ಗೇಟ್ 3ರಲ್ಲಿ ಈ ಕರುಣೆಯ ಜಾಗದಲ್ಲಿ ಕಾರ್ಮಿಕ್ ಡೈಸ್ ಎಂಬ ಏರ್ಪಾಡಿದೆ. ಕರ್ಮ ಎಂಬ ನಮ್ಮದೇ ಪದದಿಂದ ಬಂದ ಹೆಸರು. ಸತತ ಕೆಟ್ಟ ಸಂಖ್ಯೆ ಬರುತ್ತಿದ್ದರೆ ಅದು ಆ ಸರಣಿಯನ್ನು ಮುರಿಯುತ್ತದೆ. ಬೇಡವೆಂದರೆ ಆಫ್ ಮಾಡಬಹುದು.

ಮಗಳು ಚೀಟಿ ವಾಪಸ್ ಹಾಕದೆ ಇಟ್ಟದ್ದು ನೆನಪಿದೆಯಾ? ಹಾಗೇ ಆಡಿದರೆ ಸಣ್ಣ ಸಂಖ್ಯೆಗಳು ಒಂದೊಂದಾಗಿ ಖಾಲಿಯಾಗುತ್ತವೆ, ದೊಡ್ಡವು ಬರಲೇಬೇಕು. ಡಬ್ಬಿಗೆ ನೆನಪು ಬಂದ ಹಾಗೆ. ಕಾರ್ಮಿಕ್ ಡೈಸ್‌ನ ಒಳಗಿನ ಲೆಕ್ಕ ಬೇರೆ ಇರಬಹುದು, ಪರಿಣಾಮ ಮಾತ್ರ ಇದೇ ಬಗೆಯದು. ದಾಳಕ್ಕೆ ನೆನಪು ಕೊಟ್ಟದ್ದು.

ಸೋಲನ್ನೇ ರುಚಿ ಮಾಡಿದ ಆಟವೂ ಇದೆ. 2019ರ ಡಿಸ್ಕೋ ಎಲಿಸಿಯಮ್. ಎಸ್ಟೋನಿಯಾದ ಗೆಳೆಯರ ಗುಂಪೊಂದು ವರ್ಷಗಟ್ಟಲೆ ತಮ್ಮದೇ ಮೇಜಿನಲ್ಲಿ ಆಡಿ ಕಟ್ಟಿದ ಲೋಕ ಅದು. ಅಲ್ಲಿ ಆರು ಮುಖದ ಎರಡು ದಾಳ. ಸೋತರೆ ಬಾಗಿಲು ಮುಚ್ಚುವುದಿಲ್ಲ, ವಿಚಿತ್ರವಾದ ಇನ್ನೊಂದು ಬಾಗಿಲು ತೆರೆಯುತ್ತದೆ. ಎಷ್ಟೋ ಕಡೆ ಸೋಲಿನ ಮಾತುಗಳು ಗೆಲುವಿನ ಮಾತುಗಳಿಗಿಂತ ಚೆನ್ನ. ಡಿಎನ್‌ಡಿಯ ಒಂದು ನಿಯಮವೂ ಅದರಲ್ಲಿಲ್ಲ. ಆದರೂ ಜಗಲಿಯಲ್ಲಿ ನಾನು ಕಂಡದ್ದಕ್ಕೆ ಅದರಷ್ಟು ಹತ್ತಿರ ಬಂದ ಆಟಗಳು ಕಡಿಮೆ ಎಂದು ನನ್ನ ಅನಿಸಿಕೆ.

ಕಂಪ್ಯೂಟರಿನೊಳಗೆ ಭಾಗವತರನ್ನು ಕೂರಿಸಬಹುದಾ?

ಮನುಷ್ಯನನ್ನೇ ಕೂರಿಸುವ ಪ್ರಯತ್ನ 2002ರಲ್ಲೇ ಆಯಿತು. ಬಯೋವೇರ್‌ನ ನೆವರ್‌ವಿಂಟರ್ ನೈಟ್ಸ್‌ನಲ್ಲಿ ಒಬ್ಬರು ಡಂಜನ್ ಮಾಸ್ಟರ್ ಆಗಿ ಇಂಟರ್‌ನೆಟ್ ಮೂಲಕ ಸೇರಬಹುದಿತ್ತು. ಉಳಿದವರು ಆಡುವಾಗ ರಾಕ್ಷಸರನ್ನು ತಂದು ನಿಲ್ಲಿಸಬಹುದು, ಯಾವ ಪಾತ್ರದ ಒಳಗಾದರೂ ಹೊಕ್ಕು ಮಾತಾಡಬಹುದು. ಆದರೆ ಮಾತಿನಲ್ಲಿ ಒಂದು ಸೇತುವೆ ಕಟ್ಟಲು ಒಂದು ಸೆಕೆಂಡ್ ಸಾಕು. ಅದನ್ನು ಪರದೆಯ ಮೇಲೆ ಕಟ್ಟಲು ತಾಸುಗಟ್ಟಲೆ ಬೇಕು.

ಈಗ ಭಾಷಾ ಮಾದರಿಗಳು, ಅಂದರೆ ಅಪಾರ ಬರಹ ಓದಿ ಕಲಿತು ತಾವೇ ಮಾತು ಕಟ್ಟುವ ಕಂಪ್ಯೂಟರ್ ಪ್ರೋಗ್ರಾಂಗಳು, ಬಂದಿವೆ. 2019ರ ಎಐ ಡಂಜನ್‌ನಲ್ಲಿ ಏನು ಬೇಕಾದರೂ ಟೈಪ್ ಮಾಡಬಹುದಿತ್ತು, ಯಂತ್ರ ಕಥೆ ಮುಂದುವರಿಸುತ್ತಿತ್ತು. ಅಪ್ಪೆಮಿಡಿಗೂ ಅಲ್ಲಿ ಜಾಗ ಇತ್ತು. ಆದರೆ ಅದು ಹಿಂದೆ ಆದದ್ದನ್ನು ಮರೆಯುತ್ತಿತ್ತು. ಹೇಳಿದ್ದಕ್ಕೆಲ್ಲ ಹೂಂ ಎನ್ನುತ್ತಿತ್ತು. ಮಾದರಿಗಳು ಆಮೇಲೆ ಬಹಳ ಸುಧಾರಿಸಿವೆ. ಆದರೂ ಕೂಟ ಕೇಳಿದವರಿಗೆ ಇಲ್ಲಿನ ತೊಡಕು ಬೇಗ ತಿಳಿಯುತ್ತದೆ. ಇದಿರಿನವನು ಹೇಳಿದ್ದನ್ನೆಲ್ಲ ಒಪ್ಪಿಬಿಟ್ಟರೆ ಸಂವಾದ ಎಲ್ಲಿ? ಗುರಿ 15 ಎಂದು ಹೇಳಿ ಅದಕ್ಕೆ ಗಟ್ಟಿಯಾಗಿ ನಿಲ್ಲುವವರು ಬೇಕು. ಭರಣಿ ತೋರಿಸಿದಾಗ ಸಡಿಲಿಸುವವರೂ ಅವರೇ ಆಗಿರಬೇಕು.

ಕಂಪ್ಯೂಟರನ್ನು ಬರೀ ಮೇಜಾಗಿ ಬಳಸುವುದು ಮೂರನೆಯ ದಾರಿ. 2012ರಿಂದ ಇರುವ ರೋಲ್20ಯಂಥ ತಾಣಗಳಲ್ಲಿ ನಕ್ಷೆ, ದಾಳ, ಪಾತ್ರದ ಹಾಳೆ ಪರದೆಯ ಮೇಲೆ ಇರುತ್ತವೆ. ಮಾಸ್ಟರ್ ಮನುಷ್ಯನೇ. ದೂರದೂರದ ಊರಲ್ಲಿದ್ದವರು ಕರೆಯಲ್ಲಿ ಸೇರಿ ಆಡುತ್ತಾರೆ. ಡಿಎನ್‌ಡಿಯ ಮೂಲ ನಿಯಮಗಳ ಒಂದು ಭಾಗವನ್ನು 2023ರಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟಿದ್ದಾರೆ. ಹಾಗಾಗಿ ಶುರು ಮಾಡಲು ದುಡ್ಡೂ ಬೇಕಿಲ್ಲ.

ನಮ್ಮ ಮಕ್ಕಳು ಈಗ ಹೀಗೇ ಆಡುತ್ತಾರೆ. ಭಾನುವಾರ ರಾತ್ರಿ, ನೆಟ್‌ವರ್ಕ್ ಸಿಕ್ಕಾಗ. ಒಬ್ಬ ಬೆಂಗಳೂರು, ಒಬ್ಬ ಕಾರವಾರ, ಇಬ್ಬರು ನಮ್ಮ ಜಗಲಿ. ತಾಣದಲ್ಲಿ ದಾಳ ಇದ್ದರೂ ಅವರಿಗೆ ಸ್ಟೀಲ್ ಡಬ್ಬಿಯೇ ಬೇಕಂತೆ. ಅದು ಇಲ್ಲೇ ಉಳಿದಿದೆ. ಚೀಟಿ ತೆಗೆಯುವ ಕೆಲಸ ಆಯಿಗೆ ಬಂದಿದೆ. ತೆಗೆದು, ಕನ್ನಡಕ ಸರಿಮಾಡಿಕೊಂಡು ಓದಿ, ಫೋನಿನ ಕ್ಯಾಮೆರಾಕ್ಕೆ ಹಿಡಿದು ತೋರಿಸುತ್ತಾಳೆ. ಮಡಚಿ ಮತ್ತೆ ಡಬ್ಬಿಗೆ ಹಾಕುತ್ತಾಳೆ. ಹೋದ ವಾರ ಕಾವಲುಗಾರನ ತಂಗಿಯ ಮದುವೆ ಮಾತುಕತೆಗೆ 17 ಬಂತು.